ಈ ಚಳಿಗೆ ಕಾಲುಚೀಲ, ಮುಂದಿನ ಚಳಿಗೆ ಕೌದಿ

ದೀಪಾವಳಿ ಮುಗಿಯುತ್ತಿದ್ದಂತೆ ದೆಹಲಿಯ ಕನ್ನಡಿಗರ ಮನೆಗಳಲ್ಲಿ ಟ್ರಂಕುಗಳು ತೆರೆದುಕೊಳ್ಳುತ್ತವೆ. ರಜಾಯಿ, ಸ್ವೆಟರುಗಳು ಬಿಸಿಲಿಗೆ ಬರುತ್ತವೆ. ಧಾರವಾಡ, ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದವರ ಮನೆಯಾದರೆ ಟ್ರಂಕಿನ ತಳದಲ್ಲಿ ಇನ್ನೊಂದು ಗಂಟೂ ಇರುತ್ತದೆ. ಅದು ಕೌದಿ ಹೊಲಿಯಲೆಂದು ಎತ್ತಿಟ್ಟ ಅವ್ವನ ನೂಲಿನ ಸೀರೆಗಳ ಗಂಟು. ವರ್ಷಕ್ಕೊಮ್ಮೆ ಬಿಸಿಲು ಕಂಡು ಅದು ಮತ್ತೆ ಟ್ರಂಕು ಸೇರುತ್ತದೆ.

ಕಾರಣ ಸೋಮಾರಿತನವಲ್ಲ. ಅವ್ವ ಹೋದ ಮೇಲೆ ಆ ಸೀರೆಗೆ ಕತ್ತರಿ ಹಾಕಲು ಕೈ ಬರುವುದಿಲ್ಲ. ಆದರೆ ಇಟ್ಟ ಸೀರೆ ಮಡಿಕೆಯಲ್ಲೇ ಬಿರಿಯುತ್ತದೆ. ಕೌದಿಯಾದರೆ ಇನ್ನಷ್ಟು ವರ್ಷ ಮೈಮೇಲಿರುತ್ತದೆ.

ಉತ್ತರ ಕರ್ನಾಟಕದಲ್ಲಿ ಕೌದಿ ಹೊಲಿಯುವುದು ಮನೆಗೆಲಸವೂ ಹೌದು, ಕೆಲವರಿಗೆ ಕಸುಬೂ ಹೌದು. ಗೊಂದಳಿ ಸಮಾಜದ ಹೆಣ್ಣುಮಕ್ಕಳು ಊರೂರಿಗೆ ಹೋಗಿ ಹೊಲಿದುಕೊಡುವುದುಂಟು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸುತ್ತಿನ ಸಿದ್ದಿ ಮಹಿಳೆಯರು ಅಂಚಿನಿಂದ ಹೊಲಿಗೆ ಹಿಡಿದು, ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಿಸಿ 'ಫೂಲ' ಕೂರಿಸುತ್ತಾರೆ. ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬರಿಮೈ. 2004ರಲ್ಲಿ ಅವರ ಸಹಕಾರಿ ಗುಂಪೊಂದು ಆರಂಭವಾಯಿತು. ಅವರ ಕೌದಿಗಳು ಅಮೆರಿಕದ ಪ್ರದರ್ಶನಗಳನ್ನೂ ಕಂಡಿವೆ.

ಲೆಕ್ಕ ಹಾಕಿ ಕೈಹಾಕಿ

ಚಳಿ ಹತ್ತಿದಾಗ ಆರಂಭಿಸಿದ ಕೌದಿ ಹೋಳಿ ಹುಣ್ಣಿಮೆಗೆ ಅರ್ಧಕ್ಕೆ ನಿಲ್ಲುತ್ತದೆ. ಹಾಗಾಗಿ ಮೊದಲು ಲೆಕ್ಕ ಬೇಕು. ಐದೂವರೆ ಮೀಟರಿನ ಸೀರೆ ಎಂದರೆ ಸುಮಾರು 18 ಅಡಿ. ಅದನ್ನು ಮೂರಾಗಿ ಕತ್ತರಿಸಿದರೆ ಆರಡಿ ಉದ್ದದ ಮೂರು ಪದರ ಸಿಗುತ್ತವೆ. ಅಗಲ 45 ಇಂಚು. ಇಂಚಿಗೊಂದು ಸಾಲಿನಂತೆ 45 ಸಾಲು, ಅಂದರೆ 270 ಅಡಿ ಹೊಲಿಗೆ. ದಿನಕ್ಕೆ ಎರಡು ಸಾಲಾದರೆ 23 ದಿನ. ತುಂಡು ಜೋಡಿಸಲು, ಅಂಚು ಕಟ್ಟಲು ಇನ್ನೊಂದು ವಾರ. ಪದರ ಹೆಚ್ಚಿದಷ್ಟೂ ಸೂಜಿ ನಿಧಾನ. ಆದ್ದರಿಂದ ಆಷಾಢದಲ್ಲಿ ಆರಂಭಿಸಿದರೆ ದಸರೆಯೊಳಗೆ ನಿರಾತಂಕವಾಗಿ ಮುಗಿದೀತು. ತೀರ ಜೀರ್ಣವಾದ ಸೀರೆ ಒಳಪದರಕ್ಕಿರಲಿ, ಗಟ್ಟಿ ಸೆರಗು ಮೇಲೆ ಬರಲಿ. ಬಣ್ಣ ಬಿಡುವ ಬಟ್ಟೆಯನ್ನು ಮೊದಲೇ ಒಗೆದು ನೋಡಿಕೊಳ್ಳಬೇಕು.

ಈ ಚಳಿಗೆ ಏನು? ಕಾಲುಚೀಲ. ಡಿಸೆಂಬರ್ ಮಧ್ಯಾಹ್ನಗಳಲ್ಲಿ ಸರ್ಕಾರಿ ಕಚೇರಿಗಳ ಹುಲ್ಲುಹಾಸಿನ ಮೇಲೆ, ಕಾಲೊನಿಯ ಪಾರ್ಕುಗಳಲ್ಲಿ ಹೆಂಗಸರು ಉಣ್ಣೆ ಹೆಣೆಯುತ್ತ ಕೂರುವುದು ಹಿಂದೆ ಇಲ್ಲಿ ನಿತ್ಯದ ನೋಟ. ಊರಲ್ಲಿ ಉಣ್ಣೆಯ ಕಡ್ಡಿ ಹಿಡಿಯದ ಎಷ್ಟೋ ಕನ್ನಡದ ಸೊಸೆಯರು ಅದನ್ನು ಕಲಿತದ್ದು ಪಕ್ಕದ ಮನೆಯ ಪಂಜಾಬಿ ಹೆಂಗಸರಿಂದ. ದೊಡ್ಡವರ ಒಂದು ಜೊತೆಗೆ ಸುಮಾರು 100 ಗ್ರಾಂ ಸಣ್ಣೆಳೆಯ ಉಣ್ಣೆ ಸಾಕು. ಸ್ವಲ್ಪ ನೈಲಾನ್ ಬೆರೆತಿದ್ದರೆ ಹಿಮ್ಮಡಿ ಬೇಗ ಸವೆಯುವುದಿಲ್ಲ. ಮೂರು ಕಡ್ಡಿಗಳಲ್ಲಿ ಕುಣಿಕೆ ಹಂಚಿ ನಾಲ್ಕನೆಯದರಿಂದ ಸುತ್ತ ಹೆಣೆಯುತ್ತಾರೆ. ಕಷ್ಟವಿರುವುದು ಹಿಮ್ಮಡಿಯ ತಿರುವಿನಲ್ಲಿ. ಅದಕ್ಕಿಂತ ದೊಡ್ಡ ಕಷ್ಟ ಎರಡನೆಯ ಕಾಲುಚೀಲದ್ದು! ಮೊದಲನೆಯದರ ಸಾಲುಗಳನ್ನು ಪುಸ್ತಕದಲ್ಲಿ ಬರೆದಿಟ್ಟು, ಅದು ಮುಗಿದ ದಿನವೇ ಇನ್ನೊಂದನ್ನು ಕಡ್ಡಿಗೆ ಏರಿಸದಿದ್ದರೆ ಅದು ಒಂಟಿಯಾಗಿಯೇ ಉಳಿಯುತ್ತದೆ.

ಬಟ್ಟೆ ಇದೆ, ಬಿಸಿಲೂ ಇದೆ. ಕಡಿಮೆಯಾಗುತ್ತಿರುವುದು ಹೊಲಿಗೆ ಬಲ್ಲ ಕೈಗಳು. ಸೂಜಿಗೆ ದಾರ ಪೋಣಿಸಲು ಅಜ್ಜಿಗೆ ಕಣ್ಣು ಸಾಲದು, ಆದರೆ ಹೊಲಿಗೆ ಓಡಿಸಬಲ್ಲಳು. ಮೊಮ್ಮಗಳು ದಾರ ಪೋಣಿಸಬಲ್ಲಳು, ಅವಳಿಗೆ ಹೊಲಿಗೆ ಬಾರದು. ನೊಯಿಡಾ, ಗುರುಗ್ರಾಮದ ಫ್ಲ್ಯಾಟುಗಳ ಬಾಲ್ಕನಿಯಲ್ಲಿ ಭಾನುವಾರ ಇಬ್ಬರೂ ಒಟ್ಟಿಗೆ ಕೂತರೆ ಎರಡು ಸಾಲಾದರೂ ಆಗುತ್ತದೆ. ಕನ್ನಡ ಸಂಘಗಳ ಮಹಿಳಾ ಬಳಗಗಳೂ ತಿಂಗಳಿಗೊಂದು ಮಧ್ಯಾಹ್ನ ಇದಕ್ಕೆ ಮೀಸಲಿಡಬಹುದು. ಈ ಸಲ ಗಂಟು ಬಿಸಿಲಿಗೆ ಬಂದಾಗ ಮತ್ತೆ ಕಟ್ಟುವ ಮುನ್ನ ಒಂದು ಸೀರೆಯನ್ನಾದರೂ ಹೊರಗಿಡಿ. ಅಜ್ಜಿ ಎದುರಿಗಿರುವಾಗಲೇ ಅದಕ್ಕೆ ಕತ್ತರಿ ಬೀಳಲಿ.