ವಿದ್ಯಾರ್ಥಿಗಳ ಕಿರುಚಿತ್ರವೂ ಪ್ರೇಕ್ಷಕರ ಅಭಿಪ್ರಾಯವೂ

ಕೈಯಲ್ಲಿ ಹಿಡಿಯುವ ಮೊಬೈಲಿನಿಂದಲೇ ಚಲಚ್ಚಿತ್ರವನ್ನು ತೆಗೆಯಬಹುದಾದ ಕಾಲವು ಬಂದ ಮೇಲೆ, ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಒಂದು ಹೊಸ ಸಂಪ್ರದಾಯವು ತಲೆದೋರಿದೆ. ಮಗನೋ ಮಗಳೋ ನಾಲ್ಕಾರು ಮಂದಿ ಸ್ನೇಹಿತರನ್ನು ಕೂಡಿಕೊಂಡು ಹತ್ತು ಹದಿನೈದು ನಿಮಿಷಗಳ ಕಿರುಚಿತ್ರವೊಂದನ್ನು ಸಿದ್ಧಪಡಿಸಿ, ಒಂದು ಸಂಜೆ ಮನೆಮಂದಿಯನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿ ತೋರಿಸುವರು, ತೋರಿಸಿ, “ಹೇಗಿದೆ?” ಎಂದು ಕೇಳುವರು. “ಬಹಳ ಚೆನ್ನಾಗಿದೆ” ಎಂದು ಹೇಳಿ ಹಿರಿಯರು ಊಟಕ್ಕೆ ಏಳುವರು. ಇದರಿಂದ ಕೇಳಿದವರಿಗಾಗಲಿ ಹೇಳಿದವರಿಗಾಗಲಿ ಕಿಂಚಿತ್ತೂ ಪ್ರಯೋಜನವಿಲ್ಲ.

ಇದು ಹುಡುಗರ ಆಟವೆಂದು ತಳ್ಳಿಹಾಕತಕ್ಕ ವಿಷಯವೂ ಅಲ್ಲ. ವೈದ್ಯವಿದ್ಯೆಯನ್ನು ಕಲಿತ ಬಳಿಕ ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟನ್ನು ಸೇರಿದ ಮೈಸೂರಿನ ಚಿದಾನಂದ ಎಸ್. ನಾಯ್ಕರು, ಮುದುಕಿಯೊಬ್ಬಳು ಹುಂಜವನ್ನು ಕದ್ದೊಯ್ದುದರಿಂದ ಊರಿಗೆ ಬೆಳಗೇ ಆಗದೆ ಹೋದ ನಮ್ಮ ಕಡೆಯ ಜಾನಪದ ಕಥೆಯೊಂದನ್ನು ಆಧರಿಸಿ, ನಾಲ್ಕೇ ದಿನಗಳಲ್ಲಿ ಕನ್ನಡದಲ್ಲಿ ಚಿತ್ರವೊಂದನ್ನು ತೆಗೆದರು. ಹದಿನಾರು ನಿಮಿಷಗಳ ಆ ಚಿತ್ರಕ್ಕೆ 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದ ಪ್ರಥಮ ಬಹುಮಾನವು ದೊರೆಯಿತು. ಎಲ್ಲರಿಗೂ ಕಾನ್ ನಗರವು ಪ್ರಾಪ್ತವಾಗದಿರಬಹುದು. ಆದರೆ ಪಡಸಾಲೆಯಲ್ಲಿ ಕುಳಿತು ನೋಡುವ ನಮ್ಮಂತಹ ಗೃಹಸ್ಥರಿಗೆ ಈ ಕಾರ್ಯದಲ್ಲಿ ಒಂದು ಪಾಲು ಉಂಟೆಂಬುದನ್ನು ತಿಳಿದುಕೊಂಡರೆ ಮಕ್ಕಳಿಗೆ ಉಪಕಾರವಾದೀತು.

ನೋಡುವವನ ಈ ಪಾಲನ್ನು ಮೊದಲು ಕಂಡವರು ಪಾಶ್ಚಾತ್ಯರೇನೂ ಅಲ್ಲ. ಭರತನ ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯವು ಇದಕ್ಕಾಗಿಯೇ ಮೀಸಲಾಗಿದೆ. ಪ್ರಯೋಗವು ಫಲಿಸಿತೇ ಇಲ್ಲವೇ ಎಂಬುದಕ್ಕೆ ಅಲ್ಲಿ ‘ಸಿದ್ಧಿ’ ಎಂದು ಹೆಸರು. ಮಾನುಷೀ ಸಿದ್ಧಿಯಲ್ಲಿ ಎರಡು ಬಗೆ. ಮುಗುಳ್ನಗೆ, ಅರೆನಗೆ, ದೊಡ್ಡ ನಗೆ, ‘ಸಾಧು’, ‘ಅಹೋ’, ‘ಕಷ್ಟಂ’ ಎಂಬ ಉದ್ಗಾರಗಳು ವಾಙ್ಮಯೀ ಸಿದ್ಧಿ. ರೋಮಾಂಚ, ಆಸನದಿಂದ ಏಳುವುದು, ಉತ್ತರೀಯವನ್ನೋ ಉಂಗುರವನ್ನೋ ಎಸೆಯುವುದು ಶಾರೀರೀ ಸಿದ್ಧಿ. ಸಭೆಯು ತುಂಬಿದ್ದರೂ ಸದ್ದಿಲ್ಲದೆ, ಮಿಸುಕಾಟವಿಲ್ಲದೆ ಇದ್ದರೆ ಅದು ದೈವೀ ಸಿದ್ಧಿ. ಇಲ್ಲಿ ಒಂದು ವಿಶೇಷವನ್ನು ವಾಚಕರು ಗಮನಿಸಬೇಕು. ಪ್ರದರ್ಶನವು ಮುಗಿದ ಮೇಲೆ ಬಾಗಿಲಲ್ಲಿ ನಿಂತು ಆಡುವ ಮಾತು ಈ ಪಟ್ಟಿಯಲ್ಲಿಲ್ಲ. ನೋಡುತ್ತಿರುವಾಗಲೇ ತಾನಾಗಿ ಹೊರಬಿದ್ದುದು ಮಾತ್ರ ಪ್ರಮಾಣ. ತರುಣರು ಶೃಂಗಾರವನ್ನೂ ಶೂರರು ವೀರ ರೌದ್ರಗಳನ್ನೂ ವೃದ್ಧರು ಪುರಾಣಕಥೆಗಳನ್ನೂ ಮೆಚ್ಚುವರೆಂದು ಭರತನು ಅಲ್ಲಿಯೇ ಹೇಳಿರುವನು. ಆದುದರಿಂದ ಯಾರು ಮೆಚ್ಚಿದರೆಂಬುದನ್ನು ತಿಳಿಯದೆ ಮೆಚ್ಚುಗೆಯನ್ನು ತೂಗಲಾಗದು.

ಇನ್ನು ಯೋಜನೆಯ ಮಾತು. ಕ್ಯಾಮರಾವನ್ನು ಮುಟ್ಟುವುದಕ್ಕೆ ಮೊದಲೇ ಒಂದು ಹಾಳೆಯನ್ನು ಎರಡು ಭಾಗ ಮಾಡಿ, ಎಡಗಡೆ ‘ನೋಡುವವನಿಗೆ ಕಾಣುವುದು’, ಬಲಗಡೆ ‘ಅದರಿಂದ ಆತನಿಗೆ ತಿಳಿಯಬೇಕಾದುದು’ ಎಂದು ದೃಶ್ಯ ದೃಶ್ಯಕ್ಕೂ ಬರೆದಿಟ್ಟುಕೊಳ್ಳಬೇಕು. ಚಿತ್ರಕಥೆಯನ್ನು ಬರೆಯುವ ಮಕ್ಕಳು ಎಡಗಡೆಯದನ್ನು ಉತ್ಸಾಹದಿಂದ ಬರೆಯುವರು, ಬಲಗಡೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳುವರು. ಮನಸ್ಸಿನಲ್ಲಿರುವುದು ಪರದೆಯ ಮೇಲೆ ಬೀಳುವುದಿಲ್ಲ. ಮುಂದೆ ಪ್ರೇಕ್ಷಕರ ಮಾತನ್ನು ಒರೆಗೆ ಹಚ್ಚಲು ಈ ಬಲಗಡೆಯ ಸಾಲುಗಳೇ ಬೇಕಾಗುತ್ತವೆ.

ನಮ್ಮ ಊರಿನ ಐವರು ವಿದ್ಯಾರ್ಥಿಗಳು ತೆಗೆದ ಚಿತ್ರವೊಂದು ನಮ್ಮ ಮನೆಯಲ್ಲಿಯೇ ಮೂರು ಸಲ ಪ್ರದರ್ಶಿತವಾಯಿತಾಗಿ, ಅದರ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆವು. ಕಥೆ ಸರಳವಾದುದು. ಹೊಲಿದು ಜೀವಿಸುವ ತಾಯಿಯೊಬ್ಬಳು ಮಗಳ ಕಾಲೇಜಿನ ಶುಲ್ಕಕ್ಕಾಗಿ ತನ್ನ ಹೊಲಿಗೆಯ ಯಂತ್ರವನ್ನು ಮಾರುವಳು, ಒಂದು ದಿನ ಮಗಳು ಬಂದು ಬರಿದಾದ ಮೂಲೆಯನ್ನು ನೋಡುವಳು, ಅಷ್ಟೇ. ನಿರ್ದೇಶಕಿ ಹತ್ತೊಂಬತ್ತು ವಯಸ್ಸಿನ ಹುಡುಗಿ. ಮೊದಲ ಪ್ರತಿಯು ಹದಿನಾಲ್ಕು ನಿಮಿಷಗಳದು. ಬರಿದಾದ ಮೂಲೆಯು ಕಂಡಾಗ ಪಡಸಾಲೆಯಲ್ಲಿ ಒಂಬತ್ತು ಮಂದಿಯೂ ಸುಮ್ಮನೆ ಕುಳಿತಿದ್ದರು. ಹುಡುಗರು ಇದನ್ನು ದೈವೀ ಸಿದ್ಧಿಯೆಂದೇ ಬಗೆದರು. ದೀಪ ಹಾಕಿದ ಮೇಲೆ ನಾವು, “ಚಿತ್ರ ಹೇಗಿತ್ತೆಂಬುದು ಹಾಗಿರಲಿ, ಕಥೆಯಲ್ಲಿ ಏನಾಯಿತು ಹೇಳಿರಿ” ಎಂದು ಕೇಳಿದೆವು. ಒಬ್ಬರು ಯಂತ್ರವು ರಿಪೇರಿಗೆ ಹೋಗಿದೆಯೆಂದರು. ಮತ್ತೊಬ್ಬರು ಕಳ್ಳತನವಾಯಿತೆಂದರು. ಪಕ್ಕದ ಮನೆಯ ಅಜ್ಜಿ, “ಮಿಷನ್ನೇ? ಅದು ಎಲ್ಲಿತ್ತಪ್ಪಾ?” ಎಂದರು. ಮೌನಕ್ಕೆ ಕಾರಣವು ರಸವಲ್ಲ, ಅರ್ಥವಾಗದಿರುವಿಕೆ!

ಸಲಹೆಗಳಿಗೇನೂ ಬರಗಾಲವಿರಲಿಲ್ಲ. ತಾಯಿಯು ನೆರೆಯವಳೊಡನೆ “ಮಾರಿಬಿಟ್ಟೆ ಕಣೇ” ಎಂದು ಹೇಳಲಿ ಎಂದರು ಕೆಲವರು. ಬರಿಯ ಮೂಲೆಯನ್ನು ಇನ್ನೂ ಹೊತ್ತು ತೋರಿಸಿರಿ ಎಂದರು ಉಳಿದವರು. ಹುಡುಗರು ಎರಡನೆಯ ಸಲಹೆಯನ್ನು ಹಿಡಿದು, ಮೂರು ಸೆಕೆಂಡಿನ ಮೂಲೆಯನ್ನು ಹತ್ತು ಸೆಕೆಂಡಿಗೆ ಬೆಳೆಸಿ ಮತ್ತೆ ತೋರಿಸಿದರು. ಬೇಸರವು ಹೆಚ್ಚಿತು, ತಿಳಿವಳಿಕೆಯು ಹೆಚ್ಚಲಿಲ್ಲ.

ಆಗ ಆ ಹುಡುಗಿಯು ತನ್ನ ಹಾಳೆಯ ಬಲಭಾಗವನ್ನು ತೆಗೆದು ಮೊದಲಿನಿಂದ ಓದಿದಳು. ‘ತಾಯಿಗೆ ಯಂತ್ರವೇ ಪ್ರಾಣ’ ಎಂದು ಅಲ್ಲಿ ಬರೆದಿತ್ತು. ಅದನ್ನು ತೋರಿಸುವ ದೃಶ್ಯವು ಮಾತ್ರ ಚಿತ್ರದಲ್ಲಿರಲಿಲ್ಲ. ಚಿತ್ರೀಕರಿಸಿದ್ದುಂಟು, ರಾತ್ರಿ ದೀಪದ ಕೆಳಗೆ ತಾಯಿಯು ನೂಲನ್ನು ಹಲ್ಲಿನಿಂದ ಕಡಿದು, ಚಕ್ರವನ್ನು ಕೈಯಿಂದ ಒಮ್ಮೆ ತಿರುಗಿಸಿ, ತುಳಿಯತೊಡಗುವ ನಲವತ್ತು ಸೆಕೆಂಡುಗಳು. “ಇದರಲ್ಲಿ ಏನೂ ನಡೆಯುವುದಿಲ್ಲ” ಎಂದು ಸಂಕಲನದಲ್ಲಿ ಅದನ್ನು ಕತ್ತರಿಸಿದ್ದರು. ಅದನ್ನು ಪುನಃ ಆರಂಭದಲ್ಲಿ ಸೇರಿಸಿದರು. ಮಗಳು ಓದುತ್ತಿರುವ ದೃಶ್ಯಗಳ ಹಿಂದೆಯೂ ಯಂತ್ರದ ಟಕಟಕ ಶಬ್ದವನ್ನು ಹರಿಯಬಿಟ್ಟರು. ಮೂಲೆಯು ಮತ್ತೆ ಮೂರೇ ಸೆಕೆಂಡಿಗೆ ಇಳಿಯಿತು. ಆದರೆ ಈಗ ಆ ಮೂರು ಸೆಕೆಂಡುಗಳಲ್ಲಿ ಶಬ್ದವು ನಿಂತಿತ್ತು. ಮೂರನೆಯ ಪ್ರದರ್ಶನಕ್ಕೆ ಚಿತ್ರವನ್ನು ನೋಡಿರದ ಹೊಸಬರನ್ನೇ ಕರೆದಿದ್ದೆವು. ಮೂಲೆಯು ಕಂಡೊಡನೆ ಹಿಂದಿನ ಸಾಲಿನಿಂದ ಹೆಂಗಸೊಬ್ಬರು “ಅಯ್ಯೋ!” ಎಂದರು. ಭರತನ ‘ಕಷ್ಟಂ’ ಎಂಬುದನ್ನು ನಾವು ಅಷ್ಟು ಸ್ಪಷ್ಟವಾಗಿ ಕೇಳಿದುದು ಅದೇ ಮೊದಲು.

ಅಮೆರಿಕದ ಪ್ರಖ್ಯಾತ ಸಂಕಲನಕಾರರಾದ ವಾಲ್ಟರ್ ಮರ್ಚರು ತಮ್ಮ ಪುಸ್ತಕದಲ್ಲಿ ಈ ತತ್ತ್ವವನ್ನೇ ವೈದ್ಯರ ದೃಷ್ಟಾಂತದಿಂದ ವಿವರಿಸಿದ್ದಾರೆ. ರೋಗಿಯು ಮೊಣಕೈ ನೋಯುತ್ತದೆ ಎನ್ನುವನು. ಬೇನೆಯ ಮೂಲವು ಭುಜದಲ್ಲಿರಬಹುದು. ನೋವು ಸುಳ್ಳಲ್ಲ, ಆದರೆ ಮೊಣಕೈಗೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯನು ಕೆಟ್ಟನು. ಪ್ರೇಕ್ಷಕನು ಬೇನೆಯನ್ನು ಬಲ್ಲನು, ಔಷಧವನ್ನು ಬಲ್ಲನೆಂದು ನಿಯಮವಿಲ್ಲ.

ಕೆಲವು ಸಲ ಬೇನೆಯು ತೋರಿದಲ್ಲಿಯೇ ಇರುವುದೂ ಉಂಟು. ಬಿಲ್ಲಿ ವೈಲ್ಡರನ ‘ಸನ್‌ಸೆಟ್ ಬುಲೆವಾರ್ಡ್’ ಚಿತ್ರವು ಮೊದಲು ಶವಾಗಾರದಲ್ಲಿ ಹೆಣಗಳು ಪರಸ್ಪರ ಮಾತಾಡುವ ದೃಶ್ಯದಿಂದ ಆರಂಭವಾಗುತ್ತಿತ್ತು. ಇಲಿನಾಯ್ ಸಂಸ್ಥಾನದ ಎವನ್‌ಸ್ಟನ್ನಿನಲ್ಲಿ ಅದನ್ನು ಪರೀಕ್ಷಾರ್ಥವಾಗಿ ತೋರಿಸಿದಾಗ ಗಂಭೀರವಾಗಬೇಕಾದಲ್ಲಿ ಜನರು ನಕ್ಕುಬಿಟ್ಟರು. ವೈಲ್ಡರನು ಆ ದೃಶ್ಯವನ್ನೇ ತೆಗೆದುಹಾಕಿದನು. 1950ರಲ್ಲಿ ಬಿಡುಗಡೆಯಾದ ಚಿತ್ರವು ಈಜುಕೊಳದಲ್ಲಿ ತೇಲುವ ಶವದಿಂದ ಕಥೆಯನ್ನು ಹಿಡಿಯುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯು ದುಃಖಕರವಾದುದು. 1942ರ ಮಾರ್ಚಿಯಲ್ಲಿ ಆರ್ಸನ್ ವೆಲ್ಸನ ‘ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’ ಚಿತ್ರವನ್ನು ಕ್ಯಾಲಿಫೋರ್ನಿಯದ ಪೊಮೋನಾ ಎಂಬಲ್ಲಿ ತೋರಿಸಿದರು. ಹಾಡು ಹಾಸ್ಯಗಳ ಬೇರೊಂದು ಚಿತ್ರಕ್ಕಾಗಿ ಬಂದಿದ್ದ ಜನರಿಗೆ, ಅದು ಮುಗಿದ ಮೇಲೆ, ಒಂದು ಮನೆತನದ ಪತನದ ಕಥೆಯನ್ನು ಉಣಬಡಿಸಿದರು. ಜನರು ಅಪಹಾಸ್ಯ ಮಾಡಿದರು. ಕೆಲವೇ ದಿನಗಳಲ್ಲಿ ಪಾಸಡೀನಾದಲ್ಲಿ ತೋರಿಸಿದಾಗ ಆದರವು ದೊರೆತರೂ ನಿರ್ಮಾಪಕರ ಭಯವು ಹೋಗಲಿಲ್ಲ. ವೆಲ್ಸನು ಬ್ರೆಜಿಲಿನಲ್ಲಿದ್ದಾಗಲೇ ಚಿತ್ರದಿಂದ ನಲವತ್ತು ನಿಮಿಷಗಳಿಗಿಂತ ಹೆಚ್ಚಿನ ಭಾಗವನ್ನು ಕತ್ತರಿಸಿ, ಬೇರೆ ಮುಕ್ತಾಯವನ್ನು ಅಂಟಿಸಿ, 88 ನಿಮಿಷಗಳ ಚಿತ್ರವನ್ನು ಹೊರತಂದರು. ಕತ್ತರಿಸಿದ ಭಾಗಗಳನ್ನು ನಾಶಪಡಿಸಿದರು. ನಮ್ಮ ವಿದ್ಯಾರ್ಥಿಗಳಿಗೆ ಆ ಅಪಾಯವಿಲ್ಲ; ಕಂಪ್ಯೂಟರಿನಲ್ಲಿ ಹಳೆಯ ಪ್ರತಿಯನ್ನು ಉಳಿಸಿಕೊಂಡೇ ಹೊಸದನ್ನು ಮಾಡಬಹುದು. ಹೀಗಿದ್ದೂ ಉಳಿಸಿಕೊಳ್ಳದವರನ್ನು ನಾವು ಕಂಡಿದ್ದೇವೆ. ಪ್ರತಿಯೊಂದಕ್ಕೂ ತಾರೀಖು ಹಾಕಿ ಇಡತಕ್ಕದ್ದು.

ಮನೆಯಲ್ಲಿ ಚಿತ್ರವನ್ನು ತೋರಿಸುವ ಮಕ್ಕಳು ಪರದೆಗೆ ಬೆನ್ನುಮಾಡಿ, ಪಕ್ಕದಲ್ಲಿ ಕುಳಿತು ಮುಖಗಳನ್ನು ನೋಡಲಿ. ಯಾರು ಯಾವ ನಿಮಿಷದಲ್ಲಿ ಮೊಬೈಲನ್ನು ತೆಗೆದರು, ಯಾರು ಕಾಲು ಮಡಿಸಿದರು ಎಂಬುದನ್ನು ಗುರುತು ಹಾಕಿಕೊಳ್ಳಲಿ. ಮೇಲೆ ಹೇಳಿದ ಚಿತ್ರದಲ್ಲಿ ಬಸ್ಸಿನ ಪ್ರಯಾಣವೊಂದು ಒಂದೂವರೆ ನಿಮಿಷವಿತ್ತು. ಬಾಯಿಬಿಟ್ಟು ಯಾರೂ ದೂರಲಿಲ್ಲವಾದರೂ ಮೂರು ಸಲವೂ ಜನರು ಅಲ್ಲಿಯೇ ಮಿಸುಕಾಡಿದರೆಂದು ಗುರುತು ಹೇಳಿತು. ಅದನ್ನು ಹತ್ತು ಸೆಕೆಂಡಿಗೆ ಇಳಿಸಿದರು. ಕಥೆಯನ್ನು ಮುಂದಾಗಿ ಹೇಳಬಾರದು. ನಡುವೆ “ಇದು ಇನ್ನೂ ಸರಿಮಾಡಬೇಕು” ಎಂದು ಸಮಾಧಾನ ಹೇಳಬಾರದು. ನೋಡುವ ಹಿರಿಯರು “ಚೆನ್ನಾಗಿದೆ” ಎಂಬ ಮಾತನ್ನು ಸ್ವಲ್ಪ ತಡೆದು, ಎಲ್ಲಿ ತೂಕಡಿಸಿದೆವು, ಎಲ್ಲಿ ಯಾರು ಯಾರೆಂದು ತಿಳಿಯಲಿಲ್ಲ ಎಂಬುದನ್ನು ಹೇಳಿದರೆ ಸಾಕು. ಹೆತ್ತ ತಾಯಿಯನ್ನು ಮಾತ್ರ ಪರೀಕ್ಷಕರಲ್ಲಿ ಎಣಿಸತಕ್ಕದ್ದಲ್ಲ. ಆಕೆಗೆ ಹೆಸರುಗಳ ಪಟ್ಟಿಯಲ್ಲಿಯೇ ರೋಮಾಂಚವಾಗುವುದು.

ಆ ಚಿತ್ರದ ಕೊನೆಯಲ್ಲಿ ಮಗಳು ತಾಯಿಯ ಸೂಜಿಗೆ ದಾರವನ್ನು ಪೋಣಿಸಿಕೊಟ್ಟು ಸುಮ್ಮನಾಗುವಳು. ತಾಯಿ ಮಗಳು ಅಪ್ಪಿಕೊಂಡು ಅಳಬೇಕೆಂದು ಮೂರು ಪ್ರದರ್ಶನಗಳಲ್ಲಿಯೂ ಬಹುಜನರು ಹೇಳಿದರು, ನಾವೂ ಹೇಳಿದೆವು. “ಮೇಷ್ಟ್ರೇ, ಆ ಸೂಜಿಯ ಹೊತ್ತಿಗೆ ಯಾರಾದರೂ ಮಿಸುಕಾಡಿದರೇ?” ಎಂದು ಆ ಹುಡುಗಿ ಕೇಳಿದಳು. ಯಾರೂ ಮಿಸುಕಾಡಿರಲಿಲ್ಲ. ಮುಕ್ತಾಯವು ಹಾಗೆಯೇ ಉಳಿಯಿತು. ಅಪ್ಪಿಕೊಳ್ಳಬೇಕಾಗಿತ್ತೆಂದೇ ನಮ್ಮ ಅಭಿಪ್ರಾಯವು ಇಂದಿಗೂ ಇರುವುದು; ಆದರೆ ಚಿತ್ರವು ಅವಳದು.