ಗೊಬ್ಬರ ಹಾಕಿದರೆ ಸೊರಗುವ ಹೂಗಿಡ

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತ ಸಿಲ್ವರ್ ಓಕ್ ಮರ ಎಲ್ಲರಿಗೂ ಪರಿಚಿತ. ಅದರ ತವರು ಆಸ್ಟ್ರೇಲಿಯ. ಅಲ್ಲಿ ಈ ಮರಕ್ಕೊಂದು ದಾಯಾದಿ ಇದೆ: ಬ್ಯಾಂಕ್ಸಿಯ. ಜೋಳದ ತೆನೆಯಂತೆ ಒತ್ತಾಗಿ ಜೋಡಿಸಿಕೊಂಡ ನೂರಾರು ಪುಟ್ಟ ಹೂಗಳ ಗೊಂಚಲು ಇದರ ವಿಶೇಷ. ಹೂದಾನಿಯಲ್ಲಿ ಬಹುದಿನ ಬಾಳುವ, ಒಣಗಿದರೂ ಆಕಾರ ಕೆಡದ ಈ ಹೂವಿಗೆ ಮಾರುಕಟ್ಟೆಯಿದೆ. ಆದರೆ ಇದನ್ನು ಬೆಳೆಯ ಹೊರಟವರು ಬೇಸಾಯದ ಮೊದಲ ಪಾಠವನ್ನೇ ಮರೆಯಬೇಕಾಯಿತು.

1770ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನಲ್ಲಿ ಬಂದ ಜೋಸೆಫ್ ಬ್ಯಾಂಕ್ಸ್ ಬಾಟನಿ ಬೇ ತೀರದಲ್ಲಿ ಈ ಗಿಡದ ಮಾದರಿಗಳನ್ನು ಸಂಗ್ರಹಿಸಿದ. 1782ರಲ್ಲಿ ಕಿರಿಯ ಲಿನೇಯಸ್ ಅವನ ಹೆಸರನ್ನೇ ಈ ಕುಲಕ್ಕೆ ಇಟ್ಟ. ಅದಕ್ಕೂ ಬಹಳ ಹಿಂದಿನಿಂದ ನೈಋತ್ಯ ಆಸ್ಟ್ರೇಲಿಯದ ನೂಂಗಾರ್ ಮೂಲನಿವಾಸಿಗಳು ಹೂಗಳನ್ನು ನೀರಿನಲ್ಲಿ ನೆನೆಸಿ ಸಿಹಿ ಪಾನೀಯ ಮಾಡಿಕೊಳ್ಳುತ್ತಿದ್ದರು. ಇಂದು ಗುರುತಿಸಲಾಗಿರುವ ಸುಮಾರು 170 ಪ್ರಭೇದಗಳಲ್ಲಿ ಹೆಚ್ಚಿನವು ಈ ಭಾಗದ ನಿಸ್ಸಾರ ನೆಲದವೇ.

ವ್ಯಾಪಾರಕ್ಕೆ ಹೂ ಮೊದಲು ಬಂದದ್ದು ಕಾಡಿನಿಂದ. ತೊಂದರೆ ಎದುರಾದದ್ದೂ ಅಲ್ಲೇ. ಅನೇಕ ಬ್ಯಾಂಕ್ಸಿಯಗಳು ಬೀಜವನ್ನು ವರ್ಷವರ್ಷವೂ ಉದುರಿಸುವುದಿಲ್ಲ. ಗಟ್ಟಿ ಕಾಯಿಗಳಲ್ಲಿ ಕಾಪಿಟ್ಟುಕೊಂಡಿರುತ್ತವೆ. ಕಾಳ್ಗಿಚ್ಚಿನ ಬಿಸಿಗೆ ಕಾಯಿ ಬಿರಿದು ಬೀಜ ನೆಲಕ್ಕೆ ಬೀಳುತ್ತದೆ. ಕೆಲವು ಪ್ರಭೇದಗಳಲ್ಲಿ ಆ ಬೆಂಕಿಗೆ ತಾಯಿಗಿಡವೇ ಸಾಯುವುದರಿಂದ ಮುಂದಿನ ಪೀಳಿಗೆಗೆ ಬೀಜವೊಂದೇ ಗತಿ. ಹೂ ಕೊಯ್ದರೆ ಬೀಜವೆಲ್ಲಿಂದ ಬಂದೀತು? ಕಡುಗೆಂಪು ಹೂವಿನ ಬ್ಯಾಂಕ್ಸಿಯ ಕಾಕ್ಸಿನಿಯ ಇಂಥದ್ದೇ. ಸರ್ಕಾರಿ ಭೂಮಿಯಲ್ಲಿ ಮಾರಾಟಕ್ಕಾಗಿ ಇದನ್ನು ಕೊಯ್ಯುವುದನ್ನು ಪಶ್ಚಿಮ ಆಸ್ಟ್ರೇಲಿಯ 1991ರಲ್ಲಿ ನಿಷೇಧಿಸಿತು.

ಉಳಿದ ದಾರಿ ತೋಟ. ಆದರೆ ಗೊಬ್ಬರ ಕೊಟ್ಟಷ್ಟೂ ಬೆಳೆ ಎಂಬ ಲೆಕ್ಕ ಇಲ್ಲಿ ನಡೆಯದು. ನಿಸ್ಸಾರ ಮಣ್ಣಿನಿಂದ ಚೂರುಪಾರು ರಂಜಕವನ್ನೂ ಹೀರಿಕೊಳ್ಳಲೆಂದು ಬ್ಯಾಂಕ್ಸಿಯ ಬ್ರಷ್‌ನಂಥ ದಟ್ಟ ಬೇರುಗಳ ಗೊಂಚಲು ಬಿಡುತ್ತದೆ. ಅದಕ್ಕೆ ಸೂಪರ್ ಫಾಸ್ಫೇಟ್ ಹಾಕಿದರೆ ಎಲೆ ಸುಟ್ಟಂತಾಗಿ ಗಿಡ ಸಾಯಲೂಬಹುದು. ಅತಿಯಾದರೆ ಅಮೃತವೂ ವಿಷ ತಾನೆ! ನೀರು ನಿಲ್ಲುವುದೂ ಸಲ್ಲದು. ನಮ್ಮ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರ ಕುಲದ ಇನ್ನೊಂದು ಪ್ರಭೇದ ಅಲ್ಲಿ ಬ್ಯಾಂಕ್ಸಿಯದ ಬೇರು ಕೊಳೆಸುತ್ತದೆ. ಮಣ್ಣು ಮೆತ್ತಿದ ಬೂಟು, ವಾಹನದ ಚಕ್ರಗಳಿಂದಲೂ ಅದು ಹರಡುತ್ತದೆ.

ನರ್ಸರಿಯವರು ಕಾಯಿಗಳನ್ನು ಒಲೆಯಲ್ಲಿ ಬಿಸಿ ಮಾಡಿ ಬೀಜ ಬಿಡಿಸುತ್ತಾರೆ. ಕಾಳ್ಗಿಚ್ಚಿನ ಕೆಲಸವನ್ನು ಒಲೆ ಮಾಡುತ್ತದೆ. ಆದರೆ ಬೀಜದ ಗಿಡಗಳು ಬಣ್ಣ, ಎತ್ತರಗಳಲ್ಲಿ ಒಂದರಂತೆ ಒಂದಿರುವುದಿಲ್ಲ. ಹೂವಿಗೆ ಕೆಲವು ವರ್ಷ ಕಾಯಬೇಕು. ಹೂ ವ್ಯಾಪಾರಿಗೆ ಬೇಕಾದದ್ದು ಒಂದೇ ಬಣ್ಣ, ಉದ್ದನೆಯ ನೇರ ದಂಟು. ಅದಕ್ಕಾಗಿ ಅಡಿಲೇಡ್ ವಿಶ್ವವಿದ್ಯಾಲಯದ ವೇಟ್ ಸಂಸ್ಥೆಯಲ್ಲಿ ತಳಿ ಅಭಿವೃದ್ಧಿ ನಡೆದು ‘ವೇಟ್ ಕ್ರಿಮ್ಸನ್’, ‘ವೇಟ್ ಫ್ಲೇಮ್’, ‘ವೇಟ್ ಆರೆಂಜ್’ ತಳಿಗಳು ಹೊರಬಂದವು. ಇಂಥ ತಳಿಯ ಗುಣ ಕೆಡದಂತೆ ಗಿಡ ಮಾಡಲು ಬೀಜವಲ್ಲ, ಕಡ್ಡಿಯನ್ನೇ ಬೇರು ಬಿಡಿಸಬೇಕು. ಮನೆಯ ಕುಂಡಕ್ಕೆ ‘ಬರ್ತ್‌ಡೇ ಕ್ಯಾಂಡಲ್ಸ್’ನಂಥ ಗಿಡ್ಡ ತಳಿಗಳೂ ಇವೆ.

ಹೀಗೆ ತೋಟದಲ್ಲಿ ಬೆಳೆದ ಹೂ ಮಾರುಕಟ್ಟೆಗೆ ಸಾಕಾದಷ್ಟೂ ಕಾಡಿನ ಹೂ ಗಿಡದಲ್ಲೇ ಉಳಿದು, ಕಾಯಾಗಿ, ಮುಂದಿನ ಕಾಳ್ಗಿಚ್ಚಿಗೆ ಬೀಜವನ್ನು ಕಾದಿರಿಸೀತು.