ದೆವ್ವಕ್ಕೆ ದೇಹವನ್ನೇ ಬಡಿಸುವ ಸಾಧನೆ

ಕತ್ತಲಲ್ಲಿ ಹೆದರಿಕೆಯಾದರೆ ರಾಮನಾಮ ಹೇಳಿಕೊಳ್ಳುವುದು, ಮಗು ಬೆಚ್ಚಿಬಿದ್ದರೆ ತಾಯಿತ ಕಟ್ಟುವುದು, ದೃಷ್ಟಿ ತೆಗೆಯುವುದು. ಇವೆಲ್ಲ ಭಯವನ್ನು ಹೊಸ್ತಿಲಾಚೆ ನಿಲ್ಲಿಸುವ ಉಪಾಯಗಳು. ಟಿಬೆಟ್ಟಿನ 'ಚೋದ್' ಎಂಬ ಬೌದ್ಧ ಸಾಧನೆ ಹಿಡಿದ ದಾರಿ ಇದಕ್ಕೆ ತೀರ ವಿರುದ್ಧವಾದುದು. ಅದು ಭಯವನ್ನು ಓಡಿಸುವುದಿಲ್ಲ, ಊಟಕ್ಕೆ ಕರೆಯುತ್ತದೆ. ಬಡಿಸುವುದು ಸಾಧಕ ತನ್ನ ದೇಹವನ್ನೇ.

'ಚೋದ್' ಎಂದರೆ ಕತ್ತರಿಸುವುದು. ಗುರುವಿನಿಂದ ಉಪದೇಶ ಪಡೆದ ಸಾಧಕ ರಾತ್ರಿ ಹೊತ್ತು ಸ್ಮಶಾನಕ್ಕೋ ಜನ ಹೆದರುವ ನಿರ್ಜನ ಸ್ಥಳಕ್ಕೋ ಒಬ್ಬನೇ ಹೋಗುತ್ತಾನೆ. ಕೈಯಲ್ಲಿ ಡಮರು, ಗಂಟೆ, ಮನುಷ್ಯನ ತೊಡೆಯೆಲುಬಿನಿಂದ ಮಾಡಿದ ಕಹಳೆ. ರಾಗವಾಗಿ ಹಾಡುತ್ತ ಅವನು ಧ್ಯಾನದಲ್ಲಿ ಒಂದು ದೃಶ್ಯವನ್ನು ಕಟ್ಟಿಕೊಳ್ಳುತ್ತಾನೆ. ತನ್ನ ಚಿತ್ತ ನೆತ್ತಿಯಿಂದ ಹೊರಬಂದು ಡಾಕಿನಿಯ ರೂಪ ತಾಳುತ್ತದೆ. ಕೆಳಗೆ ಬಿದ್ದ ದೇಹವನ್ನು ಅವಳು ಕತ್ತಿಯಿಂದ ಸೀಳಿ, ತಲೆಬುರುಡೆಯ ಬಟ್ಟಲಲ್ಲಿ ಬೇಯಿಸಿ ಅಮೃತವಾಗಿಸುತ್ತಾಳೆ. ಉಣ್ಣಲು ಬರುವ ಅತಿಥಿಗಳು ಬುದ್ಧರು ಮತ್ತು ಧರ್ಮಪಾಲಕರು ಮಾತ್ರವಲ್ಲ. ಲೋಕದ ಸಕಲ ಜೀವಿಗಳೂ ಬರುತ್ತವೆ, ಕಾಡುವ ದೆವ್ವಗಳೂ ಬರುತ್ತವೆ. ಈ ದೆವ್ವಗಳನ್ನು ಹಳೆಯ ಸಾಲ ವಸೂಲಿಗೆ ಬಂದವರೆಂದು ಎಣಿಸುವುದುಂಟು. ಋಣಾನುಬಂಧದ ಮಾತು ಬಲ್ಲ ನಮ್ಮವರಿಗೆ ಇದು ಹೊಸದೆನಿಸದು.

ಹೊರಗಿನವರಿಗೆ ಬೀಭತ್ಸವೆನಿಸುವ ಈ ಚಿತ್ರ ಟಿಬೆಟ್ಟಿನವರಿಗೆ ಬರಿಯ ಕಲ್ಪನೆಯಲ್ಲ. ಶವವನ್ನು ತುಂಡರಿಸಿ ಹದ್ದುಗಳಿಗೆ ಒಪ್ಪಿಸುವ ಅಂತ್ಯಕ್ರಿಯೆ ಅಲ್ಲಿ ಕಣ್ಣೆದುರೇ ನಡೆಯುತ್ತಿತ್ತು.

ಹೆದರಿಕೆಯ ಜಾಗವೇ ಏಕೆ ಬೇಕು? ಸುಖವಾಗಿರುವಾಗ 'ನಾನು' ಎಂಬುದು ಕಣ್ಣಿಗೆ ಬೀಳದೆ ಅವಿತಿರುತ್ತದೆ. ಎದೆ ಝಲ್ಲೆಂದ ಕ್ಷಣದಲ್ಲಿ ಅದು ಎದ್ದು ನಿಲ್ಲುತ್ತದೆ. ಕತ್ತಿ ಹಾಕಬೇಕಾದ್ದು ಆಗ, ಅದಕ್ಕೆ. ಭಯ ಹುಟ್ಟದ ಕಡೆ ಕತ್ತರಿಸಲು ಏನೂ ಸಿಗುವುದಿಲ್ಲ. ಈ ಪರಂಪರೆ ಹೇಳುವ ನಾಲ್ಕು 'ಮಾರ'ಗಳಲ್ಲಿ ಒಂದು, ಸಾಧನೆ ಫಲಿಸಿತೆಂದು ಹಿಗ್ಗುವುದು. ಸ್ಮಶಾನದಲ್ಲಿ ಹೆದರದೆ ಕುಳಿತೆನೆಂಬ ಜಂಬವೂ ದೆವ್ವದ ಲೆಕ್ಕಕ್ಕೇ ಸೇರುತ್ತದೆಂಬುದು ಸೂಕ್ಷ್ಮವಾದ ಮಾತು.

ಇದನ್ನೆಲ್ಲ ರೂಪಿಸಿದವಳು ಹನ್ನೊಂದನೆಯ ಶತಮಾನದ ನಡುಭಾಗದಲ್ಲಿ ಹುಟ್ಟಿದ ಮಾಚಿಗ್ ಲಬ್ದ್ರೋನ್ ಎಂಬ ಯೋಗಿನಿ. ಪ್ರಜ್ಞಾಪಾರಮಿತಾ ಗ್ರಂಥಗಳನ್ನು ಮನೆಮನೆಗಳಲ್ಲಿ ಪಾರಾಯಣ ಮಾಡುವುದು ಅವಳ ವೃತ್ತಿ. ಮುಂದೆ ಯೋಗಿಯೊಬ್ಬನೊಡನೆ ಸಂಸಾರ ಹೂಡಿ, ಮಕ್ಕಳನ್ನು ಹೆತ್ತು, ಜನರ ನಿಂದೆಯನ್ನೂ ಉಂಡಳೆಂದು ಅವಳ ಚರಿತ್ರೆಗಳು ಹೇಳುತ್ತವೆ. ದಕ್ಷಿಣ ಭಾರತದಿಂದ ಬಂದವನೆಂದು ಹೇಳುವ, 1117ರಲ್ಲಿ ತೀರಿಕೊಂಡ ಫದಂಪ ಸಂಗ್ಯೆ ಎಂಬ ಸಿದ್ಧನನ್ನು ಈ ಪರಂಪರೆ ಮೂಲಗುರುವಾಗಿ ನೆನೆಯುತ್ತದೆ. ಆದರೂ ಚೋದ್ ಅವಳದೇ ಸೃಷ್ಟಿಯೆಂಬ ಅಭಿಮಾನ ಟಿಬೆಟ್ಟಿಗಿದೆ. ಹೆಂಗಸಿನ ಬೋಧನೆಯನ್ನು ಪರೀಕ್ಷಿಸಲು ಭಾರತದಿಂದ ಮೂವರು ಆಚಾರ್ಯರು ಬಂದು, ವಾದದಲ್ಲಿ ಸೋತು, ಅದನ್ನು ಒಪ್ಪಿ ಹೋದರೆಂಬ ಕಥೆಯಿದೆ. ಅತ್ತ ಹರಿಯುತ್ತಿದ್ದ ಧರ್ಮ ಒಮ್ಮೆ ಇತ್ತಲೂ ಹರಿಯಿತೆಂದು ಹೇಳಿಕೊಳ್ಳುವ ಹೆಮ್ಮೆ ಅದರಲ್ಲಿದೆ.

ಈ ಸಾಧನೆ ಈಗ ಬೇರೆ ವೇಷದಲ್ಲೂ ಬಳಕೆಯಲ್ಲಿದೆ. ಅಮೆರಿಕದ ತ್ಸುಲ್‌ಟ್ರಿಮ್ ಅಲಿಯೋನ್ 2008ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಚೋದ್ ಅನ್ನು ಐದು ಹಂತಗಳ ಮನೋವ್ಯಾಯಾಮವಾಗಿ ಮಾರ್ಪಡಿಸಿತು. ಕಾಡುವ ಭಯವೋ ಸಿಟ್ಟೋ ಮೈಯಲ್ಲಿ ಎಲ್ಲಿ ಕಟ್ಟಿಕೊಂಡಿದೆಯೆಂದು ಹುಡುಕಬೇಕು, ಅದಕ್ಕೊಂದು ಆಕಾರ ಕೊಟ್ಟು ಎದುರಿಗೆ ಕೂರಿಸಬೇಕು, ಏನು ಬೇಕೆಂದು ಕೇಳಬೇಕು, ಅದರ ಜಾಗದಲ್ಲಿ ಕುಳಿತು ಉತ್ತರಿಸಬೇಕು, ಕೇಳಿದ್ದನ್ನು ಉಣಿಸಬೇಕು. ನುಂಗಿಕೊಂಡ ದುಃಖ ಹೊರಬರಲು ಇದು ಒಳ್ಳೆಯ ದಾರಿಯೇ ಇರಬಹುದು. ಆದರೆ ಹಳೆಯ ಚೋದ್‌ನ ಗುರಿ ಮನಸ್ಸಿನ ನೆಮ್ಮದಿಯಲ್ಲ, ನೆಮ್ಮದಿ ಬೇಡುವ 'ನಾನು' ಕರಗುವುದು. ಆ ವ್ಯತ್ಯಾಸ ಸಣ್ಣದಲ್ಲ. ಸ್ಮಶಾನ ಮತ್ತು ಎಲುಬಿನ ಕಹಳೆಯ ಜಾಗದಲ್ಲಿ ಈಗಿರುವುದು ಎದುರುಬದುರು ಇಟ್ಟ ಎರಡು ಕುರ್ಚಿಗಳು.